ಆಗಿದ್ದಾಯ್ತು ಬಿಡ್ರಪ್ಪ ಅನ್ನುವವರಿಗೆ

ನಮ್ಮ ಅನುಗೊಂಡನಹಳ್ಳಿ ಹೋಬಳಿಯ ರೈತನಿಗೆ ಇಸ್ರೇಲ್ ಅಂದರೆ ಡ್ರಿಪ್ ಪೈಪು. ಬತ್ತುತ್ತಿರುವ ಬೋರ್‌ವೆಲ್ಲಿನ ನೀರನ್ನು ಟೊಮ್ಯಾಟೊ ಸಾಲಿಗೆ, ಗುಲಾಬಿ ಬುಡಕ್ಕೆ ತೊಟ್ಟುತೊಟ್ಟಾಗಿ ಒಯ್ಯುವ ಕರಿ ಪೈಪು. 1965ರಲ್ಲಿ ಅಲ್ಲಿನ ಹಟ್ಜೆರಿಮ್ ಅನ್ನುವ ಕಿಬ್ಬುತ್ಸಿನಲ್ಲಿ, ಅಂದರೆ ಎಲ್ಲರೂ ಕೂಡಿ ದುಡಿಯುವ ಹಳ್ಳಿಯಲ್ಲಿ, ಶುರುವಾದ ಕಸುಬು ಇವತ್ತು ಹೊಸಕೋಟೆ ತಾಲ್ಲೂಕಿನ ಹೊಲಹೊಲಕ್ಕೂ ಬಂದಿದೆ. ಸರ್ಕಾರಕ್ಕೂ ಆ ದೇಶದ ಮೇಲೆ ಬಹಳ ಪ್ರೀತಿ. 2018ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಕೋಲಾರ, ಚಿತ್ರದುರ್ಗ, ಕೊಪ್ಪಳ, ಗದಗ ಜಿಲ್ಲೆಗಳಲ್ಲಿ ಇಸ್ರೇಲ್ ಮಾದರಿ ಕೃಷಿಗೆ 150 ಕೋಟಿ ರೂಪಾಯಿ ಘೋಷಿಸಿದರು. ಕೋಲಾರ ಮತ್ತು ಕೊಪ್ಪಳ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಆ ನೆಲದಿಂದ ಪೈಪು ತಂದಿರಿ, ಸಂತೋಷ. ಅಲ್ಲಿಂದ ಕಲಿಯಬೇಕಾದದ್ದು ಇನ್ನೊಂದಿತ್ತು. ಅದು ಯಾರಿಗೂ ಬೇಕಾಗಲಿಲ್ಲ.

2023ರ ಅಕ್ಟೋಬರ್ 7ರಂದು ಹಮಾಸ್ ಗಾಜಾದಿಂದ ಇಸ್ರೇಲಿನ ಗಡಿ ನುಗ್ಗಿ ಸುಮಾರು 1,200 ಜನರನ್ನು ಕೊಂದು, 250ರಷ್ಟು ಜನರನ್ನು ಒತ್ತೆಯಾಳಾಗಿ ಎಳೆದುಕೊಂಡು ಹೋಯಿತು. ಅದಾದ ಮೇಲೆ ಇಸ್ರೇಲ್ ಗಾಜಾದ ಮೇಲೆ ಮಾಡಿದ ದಾಳಿಗೆ ಸತ್ತವರು, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ, 60,000ಕ್ಕೂ ಮೇಲೆ. ಆ ದಿನಗಳಲ್ಲಿ ನಮ್ಮೂರ ಟೀ ಅಂಗಡಿ ಮುಂದೆ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದರು: ‘ಇವತ್ತೆಷ್ಟು?’ ಬೆಂಕಿ ಹತ್ತಿದ ಕಟ್ಟಡದ ವಿಡಿಯೋ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಗಾಜಾ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದ ಹುಡುಗರಿಗೆ ಅಲ್ಲಿನ ಕೂಸು ಸತ್ತರೆ ಯಾಕೆ ಕುಣಿಯಬೇಕು ಅಂತ ಮಾತ್ರ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು.

ಅವರಲ್ಲೊಬ್ಬ, ಸ್ವಲ್ಪ ಓದಿಕೊಂಡವನು, ನನ್ನ ಕಡೆ ತಿರುಗಿ ಕೇಳಿದ. ‘ಸಾರ್, ನೀವು ಬರೆಯೋರು. ಎರಡೂ ಕಡೆಯೋರು ಕೂತು ಮಾತಾಡಿದ್ರೆ ಆಗಲ್ವಾ? ಆಗಿದ್ದಾಯ್ತು, ಬಿಡ್ರಪ್ಪ ಅಂತ ಯಾರಾದ್ರೂ ದೊಡ್ಡೋರು ಹೇಳಬಾರ್ದಾ?’

ಹುಡುಗ ಒಳ್ಳೆಯವನೇ. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಹೊಟ್ಟೆಯಲ್ಲಿ ನಲವತ್ತು ವರ್ಷ ಹಳೆಯ ಬೆಂಕಿ ಎದ್ದಿತು. ‘ಆಗಿದ್ದಾಯ್ತು ಬಿಡ್ರಪ್ಪ’ ಅನ್ನುವುದು ನಮ್ಮ ಕೇರಿಯ ಮಟ್ಟಿಗೆ ಶಾಂತಿಯ ಮಾತಾಗಿ ಯಾವತ್ತೂ ಬಂದಿಲ್ಲ. ಹೊಡೆತ ಮುಗಿಯಿತು, ಈಗ ಹೆಬ್ಬೆಟ್ಟು ಒತ್ತು ಅನ್ನುವುದಕ್ಕೆ ಊರು ಇಟ್ಟುಕೊಂಡ ಹೆಸರು ಅದು.

ಊರಿನ ಹೆಸರು ಬೇಡ, ನಮ್ಮ ಕಡೆಯ ಊರುಗಳೆಲ್ಲ ಒಂದೇ. ನನಗಾಗ ಒಂಬತ್ತು ವರ್ಷ. ಊರಹಬ್ಬಕ್ಕೆ ತಮಟೆ ಹೊಡೆಯಲು ಅಪ್ಪನನ್ನು ಕರೆದರು. ಜ್ವರ, ಮೂರು ದಿನದಿಂದ ಮುದ್ದೆ ಮುಟ್ಟಿರಲಿಲ್ಲ. ‘ಈ ಸಲ ಆಗಲ್ಲ ಸ್ವಾಮಿ’ ಅಂದ. ಅಷ್ಟೇ. ಸಂಜೆ ನಾಲ್ಕು ಜನ ಕೇರಿಗೆ ಬಂದು ಎಳೆದುಕೊಂಡು ಹೋಗಿ ದೀಪದ ಕಂಬಕ್ಕೆ ಕಟ್ಟಿ ಹೊಡೆದರು. ಅವ್ವ ನನ್ನ ಕಣ್ಣು ಮುಚ್ಚಲು ನೋಡಿದಳು. ಅವಳ ಬೆರಳಿನ ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು.

ನಾಲ್ಕನೇ ದಿನ ಗುಡಿ ಮುಂದಿನ ಅರಳಿಕಟ್ಟೆಯಲ್ಲಿ ಶಾಂತಿ ಸಭೆ. ಅಧಿಕಾರಿಗೆ ಕುರ್ಚಿ, ಊರ ಯಜಮಾನರಿಗೆ ಕಟ್ಟೆಯ ಮೇಲೆ ಜಮಖಾನ, ನಮ್ಮವರಿಗೆ ಕೆಳಗೆ ಮಣ್ಣು. ಅವರಿಗೆ ಸ್ಟೀಲ್ ಲೋಟದಲ್ಲಿ ಟೀ, ನಮಗೆ ತೆಂಗಿನ ಚಿಪ್ಪಿನಲ್ಲಿ. ಅಧಿಕಾರಿ ಎದ್ದು ‘ಆಗಿದ್ದಾಯ್ತು ಬಿಡ್ರಪ್ಪ, ಊರು ಅಂದಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ’ ಅಂದರು. ಹೊಡೆದವನು ಎರಡು ಮಾರು ದೂರದಿಂದಲೇ ‘ಲೇ, ಮನಸ್ಸಲ್ಲಿ ಇಟ್ಕೋಬೇಡ ಕಣೋ’ ಅಂದ. ಅಪ್ಪ ‘ಇಲ್ಲ ಸ್ವಾಮಿ’ ಅಂದು ಹೆಬ್ಬೆಟ್ಟು ಒತ್ತಿದ. ಊರಲ್ಲಿ ಶಾಂತಿ ನೆಲೆಸಿದೆ ಎಂದು ಕಾಗದವಾಯಿತು.

ಮನೆಯಲ್ಲಿ ನೆಲೆಸಿದ್ದು ಬೇರೆ. ಅಪ್ಪ ಸಾಯುವ ತನಕ ಊರ ನಡುಬೀದಿಯಲ್ಲಿ ನಡೆಯಲಿಲ್ಲ, ಕೆರೆ ಏರಿ ಬಳಸಿಕೊಂಡು ಹೋಗುತ್ತಿದ್ದ. ದೂರದಲ್ಲಿ ಯಾರದೋ ಮದುವೆಯ ತಮಟೆ ಕೇಳಿಸಿದರೂ ಹಿತ್ತಿಲಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ನಾನು ಜೋರಾಗಿ ಮಾತಾಡಿದರೆ ಅವ್ವ ‘ಮೆತ್ತಗೆ, ಮೆತ್ತಗೆ’ ಅನ್ನುತ್ತಿದ್ದಳು. ನನಗೀಗ ಐವತ್ತು ದಾಟಿದೆ. ಸಭೆಯಲ್ಲಿ ಮೈಕು ಕೈಗೆ ಬಂದರೆ ಮೊದಲ ಎರಡು ನಿಮಿಷ ಇವತ್ತಿಗೂ ಗಂಟಲು ಕಟ್ಟುತ್ತದೆ. ಅಟ್ರಾಸಿಟಿ ಕೇಸಿಗೆ ವೂಂಡ್ ಸರ್ಟಿಫಿಕೇಟ್ ಬೇಕು ಅನ್ನುತ್ತಾರಲ್ಲ, ಈ ಗಾಯಕ್ಕೆ ಯಾವ ಆಸ್ಪತ್ರೆಯಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ?

ಇದಕ್ಕೆ ಹೆಸರು ಕೊಟ್ಟವನೊಬ್ಬ ಗಾಜಾದಲ್ಲಿದ್ದ. ಇಯಾದ್ ಅಲ್ ಸರ್ರಾಜ್, ಮನೋವೈದ್ಯ. 1990ರಲ್ಲಿ ಗಾಜಾದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ಕಟ್ಟಿದ. ಅವನು ಮಕ್ಕಳನ್ನು ಕೂರಿಸಿಕೊಂಡು ಕೇಳಿದಾಗ ಮತ್ತೆ ಮತ್ತೆ ಬಂದದ್ದು ಒಂದೇ ಚಿತ್ರ: ಸೈನಿಕರು ಅಪ್ಪನನ್ನು ಹೊಡೆದದ್ದು. ಮಗುವಿಗೆ ತನ್ನ ಮೈಮೇಲೆ ಬಿದ್ದ ಏಟಿಗಿಂತ ಅಪ್ಪ ತನ್ನೆದುರೇ ಕುಗ್ಗಿದ್ದು ಆಳಕ್ಕೆ ಇಳಿಯುತ್ತದೆ, ಕಲ್ಲು ಹಿಡಿದ ಆ ಮಕ್ಕಳೇ ಬೆಳೆದು ಮುಂದೆ ಬಾಂಬು ಕಟ್ಟಿಕೊಳ್ಳುತ್ತಾರೆ ಅಂತ ಅವನು ಎಚ್ಚರಿಸಿದ. ಬಾಂಬನ್ನು ಅವನು ಸಮರ್ಥಿಸಲಿಲ್ಲ, ಅದು ಎಲ್ಲಿಂದ ಬರುತ್ತದೆ ಅಂತ ತೋರಿಸಿದ. ಅದನ್ನು ಓದಿದ ದಿನ ನನಗೆ ನಮ್ಮೂರ ದೀಪದ ಕಂಬ ನೆನಪಾಯಿತು. ನಾನು ಬಾಂಬು ಕಟ್ಟಿಕೊಳ್ಳಲಿಲ್ಲ. ನನಗೆ ಅಂಬೇಡ್ಕರ್ ಸಿಕ್ಕರು, ದಲಿತ ಸಂಘರ್ಷ ಸಮಿತಿಯ ಬೀದಿನಾಟಕ ಸಿಕ್ಕಿತು, ಕೈಗೆ ಪೆನ್ನು ಬಂತು. ಸಿಗದವರ ಲೆಕ್ಕ ಯಾರು ಇಟ್ಟಿದ್ದಾರೆ?

ಈಗ ಆ ಎರಡು ಜಿಲ್ಲೆಗಳಿಗೆ ಬರೋಣ.

ಹೊಸಕೋಟೆಯಿಂದ ಎಚ್.ಕ್ರಾಸ್ ದಾಟಿ ಹೋದರೆ ಚಿಂತಾಮಣಿ. ಆ ತಾಲ್ಲೂಕಿನ ಕಂಬಾಲಪಲ್ಲಿ ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಕೇಸು ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದವು, ಕೊಂದವರು ಮಾತ್ರ ಯಾರೂ ಇಲ್ಲ! ಸಾಕ್ಷಿ ತಿರುಗಿಬಿದ್ದರು ಅಂತ ಪತ್ರಿಕೆಗಳು ಬರೆದವು. ತಿರುಗಿಸಿದ್ದು ಯಾವುದು ಅಂತ ಬರೆಯಬೇಕಿತ್ತು. ಬೆಂಕಿ ನೋಡಿದ ಕಣ್ಣು, ನಾಳೆ ಬೆಳಿಗ್ಗೆ ಅದೇ ಊರಲ್ಲಿ ಕೂಲಿ ಕೇಳಬೇಕಾದ ಹೊಟ್ಟೆ, ಮಕ್ಕಳು ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕಾದ ಭಯ. ದೌರ್ಜನ್ಯ ತಡೆ ಕಾಯ್ದೆಗೆ ಸಂತ್ರಸ್ತರ, ಸಾಕ್ಷಿಗಳ ಹಕ್ಕಿನ ಅಧ್ಯಾಯ ಸೇರಿ ಜಾರಿಗೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಕಂಬಾಲಪಲ್ಲಿಯ ಬೂದಿಯ ಮೇಲೆ ಹದಿನಾರು ಮಳೆಗಾಲ ಕಳೆದಿತ್ತು.

ಇನ್ನು ಕೊಪ್ಪಳ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಾಕಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ನಾನು ಕುಣಿಯಲಿಲ್ಲ. ಒಂದೇ ಊರಿನ 98 ಜನ ಅಂದರೆ ಆ ಊರಲ್ಲಿ ಒಲೆ ಹೊತ್ತದ ಮನೆ ಎಷ್ಟಿರಬೇಕು ಅಂತ ಲೆಕ್ಕ ಹಾಕುತ್ತಾ ಕೂತೆ. ತಿಂಗಳೊಳಗೆ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಹತ್ತು ವರ್ಷ ಸಾಕ್ಷಿ ಹೇಳಲು ಅಲೆದವರ ಮನೆಮುಂದೆಯೇ ಅವರೆಲ್ಲ ಬಸ್ಸಿಳಿದು ನಡೆದು ಹೋಗಬೇಕು. ಆ ಬೀದಿಯಲ್ಲಿ ಯಾರು ಯಾರ ಜೊತೆ ಏನು ಮಾತಾಡುತ್ತಾರೆ? ಹನಿ ನೀರಾವರಿಗೆ ಕೋಟಿ ಲೆಕ್ಕ ಹಾಕಿದ ಸರ್ಕಾರ ಇದಕ್ಕೆ ಎಷ್ಟು ಇಟ್ಟಿದೆ?

ನಮ್ಮ ಪಕ್ಕದ್ದೇ ಇನ್ನೊಂದು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹದಿನೈದು ವರ್ಷದ ದಲಿತ ಹುಡುಗ ಮೆರವಣಿಗೆಯಲ್ಲಿ ದೇವರ ಕೋಲು ಮುಟ್ಟಿದ. ಊರವರು 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಿ ಅಂದರು. ತಾಯಿ ಬೆಳಗಿನ ರೈಲಿಗೆ ವೈಟ್‌ಫೀಲ್ಡ್ ಕಡೆಗೆ ಕೂಲಿಗೆ ಹೋಗುವವಳು. ಆ ರೈಲು ನಮ್ಮ ದೇವನಗೊಂದಿ ಸ್ಟೇಷನ್ ಮೇಲೆಯೇ ಹಾಯುತ್ತದೆ. ಸುದ್ದಿಯಾಯಿತು, ಅಧಿಕಾರಿಗಳು ಓಡಿಬಂದರು, ದೇವಸ್ಥಾನದ ಬಾಗಿಲು ತೆಗೆಸಿದರು, ಫೋಟೋ ತೆಗೆದರು. ಅಷ್ಟು ಹೊತ್ತಿಗೆ ಆ ತಾಯಿ ಮನೆಯ ಗೋಡೆಯಿಂದ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್ ಪಟ ಹಾಕಿಯಾಗಿತ್ತು. ಇಡೀ ಆಡಳಿತ ಒಂದು ಬಾಗಿಲು ತೆಗೆಸಲು ಹೆಣಗುತ್ತಿದ್ದಾಗ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ಆ ಬಾಗಿಲೇ ತನಗೆ ಬೇಡ ಅಂತ ತೀರ್ಮಾನಿಸಿದ್ದಳು.

ಸರಿ, ಹಾಗಾದರೆ ಮಾತುಕತೆಯೇ ಬೇಡವಾ? ಬೇಕು. ಆ ನೆಲದಿಂದ ಕಲಿಯಬೇಕಾದದ್ದು ಇನ್ನೊಂದಿತ್ತು ಅಂತ ನಾನು ಅಂದದ್ದು ಇದನ್ನೇ.

1994ರಲ್ಲಿ ಯಿತ್ಸಾಕ್ ಫ್ರಾಂಕೆಂಥಾಲ್ ಅನ್ನುವವನ ಮಗನನ್ನು ಹಮಾಸ್ ಅಪಹರಿಸಿ ಕೊಂದಿತು. ಮರುವರ್ಷ ಅವನು ಮಕ್ಕಳನ್ನು ಕಳೆದುಕೊಂಡ ಮನೆಗಳನ್ನು ಹುಡುಕಿಕೊಂಡು ಹೊರಟ. ಹಾಗೆ ಹುಟ್ಟಿದ್ದು ಪೇರೆಂಟ್ಸ್ ಸರ್ಕಲ್, ಎರಡೂ ಕಡೆಯ ನೂರಾರು ಮನೆಗಳ ಕೂಟ. ಅದರಲ್ಲಿ ಇಬ್ಬರು ಅಪ್ಪಂದಿರಿದ್ದಾರೆ. ರಾಮಿ ಎಲ್ಹನಾನ್, ಇಸ್ರೇಲಿ. 1997ರಲ್ಲಿ ಜೆರುಸಲೇಮಿನ ಬೀದಿಯಲ್ಲಿ ಆತ್ಮಾಹುತಿ ಬಾಂಬಿಗೆ ಅವನ ಹದಿಮೂರರ ಮಗಳು ಸ್ಮದರ್ ಸತ್ತಳು. ಬಸ್ಸಾಂ ಅರಾಮಿನ್, ಪ್ಯಾಲೆಸ್ಟೀನಿ. 2007ರಲ್ಲಿ ಅವನ ಹತ್ತು ವರ್ಷದ ಮಗಳು ಅಬೀರ್ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಸತ್ತಳು. ಇಬ್ಬರೂ ಅಣ್ಣತಮ್ಮಂದಿರ ಹಾಗೆ ಜೊತೆಯಲ್ಲಿ ಊರೂರು ತಿರುಗಿ ಮಕ್ಕಳ ಕಥೆ ಹೇಳುತ್ತಾರೆ.

ನಮ್ಮ ಶಾಂತಿ ಸಭೆಯ ಪಂಡಿತರು ಇದನ್ನು ಕೇಳಿದರೆ ‘ನೋಡಿ, ಎಷ್ಟು ದೊಡ್ಡ ಮನಸ್ಸು, ಕ್ಷಮಿಸಿಬಿಟ್ಟರು’ ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಒರೆಸಿಕೊಂಡಾದ ಮೇಲೆ ಉಳಿದದ್ದನ್ನೂ ಕೇಳಲಿ. ಬಸ್ಸಾಂ ಕೋರ್ಟು ಬಿಡಲಿಲ್ಲ. ಗುಂಡು ಹೊಡೆದವನ ಮೇಲೆ ಕ್ರಿಮಿನಲ್ ಕೇಸು ಹೂಡಲು ಸರ್ಕಾರ ಒಪ್ಪದಿದ್ದರೂ ಅವನು ಬಡಿದಾಡಿ, 2010ರಲ್ಲಿ ಈ ಸಾವಿಗೆ ಸರ್ಕಾರವೇ ಹೊಣೆ ಎಂದು ಇಸ್ರೇಲಿನ ನ್ಯಾಯಾಲಯದಿಂದಲೇ ಬರೆಸಿಕೊಂಡ. ಆ ಹೊತ್ತಿನಲ್ಲಿ ಅವನ ಪಕ್ಕ ನಿಂತವರಲ್ಲಿ ಬಂದೂಕು ಕೆಳಗಿಟ್ಟ ಇಸ್ರೇಲಿ ಸೈನಿಕರಿದ್ದರು. ಅವನು ಅವರ ಜೊತೆ ಸೇರಿ ಕಟ್ಟಿದ ‘ಕಂಬ್ಯಾಟಂಟ್ಸ್ ಫಾರ್ ಪೀಸ್’ ಆಕ್ರಮಣ ಮೊದಲು ನಿಲ್ಲಲಿ ಅಂತಲೇ ಬೀದಿಗಿಳಿಯುತ್ತದೆ. ಅಲ್ಲಿ ಮಾತೂ ನಡೆಯಿತು, ಕೇಸೂ ನಡೆಯಿತು. ನಮ್ಮಲ್ಲಿ ಕೇಸು ವಾಪಸ್ ತಗೊಂಡರೆ ಮಾತ್ರ ಮಾತು!

ಅಷ್ಟಾದರೂ ಎಷ್ಟೋ ಪ್ಯಾಲೆಸ್ಟೀನಿಯರು ಇಂಥ ಕೂಟಗಳನ್ನೇ ಅನುಮಾನದಿಂದ ನೋಡುತ್ತಾರೆ. ಕತ್ತಿನ ಮೇಲೆ ಕಾಲಿಟ್ಟವನ ಜೊತೆ ಕೂತು ಟೀ ಕುಡಿದರೆ ಆ ಕಾಲು ಇರುವುದೇ ಸಹಜ ಅಂದ ಹಾಗಾಗುತ್ತದೆ ಅನ್ನುವುದು ಅವರ ತಕರಾರು. ನನಗದು ಅರ್ಥವಾಗುತ್ತದೆ. 2025ರಲ್ಲಿ ಆಸ್ಕರ್ ಪಡೆದ ‘ನೋ ಅದರ್ ಲ್ಯಾಂಡ್’ ಚಿತ್ರ ಮಾಡಿದವರಲ್ಲಿ ಬಾಸೆಲ್ ಅದ್ರಾ ಪ್ಯಾಲೆಸ್ಟೀನಿ, ಯುವಾಲ್ ಅಬ್ರಹಾಂ ಇಸ್ರೇಲಿ. ಗೆಳೆಯರು. ಆ ವೇದಿಕೆಯ ಮೇಲೆ ಯುವಾಲ್ ತನ್ನ ಗೆಳೆತನವನ್ನು ಹೊಗಳಿಕೊಳ್ಳುವ ಬದಲು, ತನಗೆ ನಾಗರಿಕ ಕಾನೂನು, ಬಾಸೆಲ್‌ಗೆ ಮಿಲಿಟರಿ ಕಾನೂನು ಅನ್ನುವುದನ್ನು ಹೇಳಿದ. ಪಕ್ಕದಲ್ಲಿ ಕೂತವನ ಲೋಟ ಬೇರೆ ಅಂತ ಮೇಲಿನವನೇ ಎದ್ದು ಹೇಳಬೇಕು. ನಮ್ಮೂರಲ್ಲಿ ಇದುವರೆಗೆ ಯಾವ ಯಜಮಾನ ಎದ್ದಿದ್ದಾನೆ?

ಗಾಜಾಗೂ ನಮ್ಮ ಕೇರಿಗೂ ಹೋಲಿಕೆ ಎಲ್ಲ ಕಡೆ ಕೂರುವುದಿಲ್ಲ, ಗೊತ್ತು. ಅಲ್ಲಿ ನೆಲ ಹಿಡಿದಿರುವುದು ಒಂದು ದೇಶದ ಸೈನ್ಯ, ಇಲ್ಲಿ ಸಂವಿಧಾನವಾದರೂ ನಮ್ಮ ಕಡೆಗಿದೆ. ಅಲ್ಲಿ ಎರಡು ಮಹಾ ಗಾಯಗಳು ಒಂದಕ್ಕೊಂದು ಎದುರು ನಿಂತಿವೆ. ಅರವತ್ತು ಲಕ್ಷ ಯಹೂದಿಗಳನ್ನು ಯುರೋಪಿನವರು ಕೊಂದ ಗಾಯ ಒಂದು, 1948ರಲ್ಲಿ ಏಳು ಲಕ್ಷದಷ್ಟು ಪ್ಯಾಲೆಸ್ಟೀನಿಯರು ಮನೆಯ ಬೀಗದ ಕೈ ಹಿಡಿದು ಹೊರಬಿದ್ದ ಗಾಯ ಇನ್ನೊಂದು. ಯುರೋಪಿನ ಪಾಪದ ದಂಡವನ್ನು ಪ್ಯಾಲೆಸ್ಟೀನಿನ ರೈತ ಕಟ್ಟಿದ. ನಮಗೇನೂ ಸಂಬಂಧವಿಲ್ಲ ಅನ್ನುವ ಹಾಗೂ ಇಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಬ್ರಿಟಿಷರಿಗೆ ಗೆದ್ದುಕೊಟ್ಟ ಕುದುರೆ ಪಡೆಯಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನಲ್ಲಿ ಅವರಿಗೆ ಸ್ಮಾರಕವಿದೆ, ವರ್ಷವರ್ಷ ಹಾರ ಹಾಕುತ್ತೇವೆ. ಆ ನೆಲ ಯಾರದಿತ್ತು ಅಂತ ಮಾತ್ರ ಕೇಳಿಕೊಂಡಿಲ್ಲ.

ನಮ್ಮವರಿಗೂ ಒಂದು ಕಹಿ ಮಾತು ಹೇಳಬೇಕು. ಕಂಬಾಲಪಲ್ಲಿಯಲ್ಲಿ ಬೆಂಕಿ ಬೀಳುವ ಮೊದಲು ಅದೇ ದಿನ ಸವರ್ಣೀಯರ ಕಡೆಯ ಒಬ್ಬ ಕೊಲೆಯಾಗಿದ್ದ. ಅವನಿಗೂ ಅವ್ವ ಇದ್ದಿರಬೇಕು. ನಾವು ಭಾಷಣ ಮಾಡುವಾಗ ಆ ಸಾಲನ್ನು ನುಂಗುತ್ತೇವೆ. ನಾನೂ ಎಷ್ಟೋ ವೇದಿಕೆಯಲ್ಲಿ ನುಂಗಿದ್ದೇನೆ. ಹೇಳಿದರೆ ನಮ್ಮ ಏಳು ಹೆಣದ ತೂಕ ಕಡಿಮೆಯಾಗುತ್ತದೆ ಅನ್ನುವ ಭಯ. ಆಗುವುದಿಲ್ಲ. ಒಬ್ಬನ ಕೊಲೆಗೆ ಏಳು ಜನರನ್ನು ಸುಡಲು ಯಾವ ಕಾನೂನೂ ಒಪ್ಪಿಗೆ ಕೊಟ್ಟಿಲ್ಲ, 1,200 ಹೆಣಕ್ಕೆ ಒಂದು ಇಡೀ ನಾಡನ್ನು ನೆಲಸಮ ಮಾಡಲೂ ಕೊಟ್ಟಿಲ್ಲ. ಇಷ್ಟು ಗಟ್ಟಿಯಾಗಿ ಹೇಳಬೇಕಾದರೆ ಎದುರು ಮನೆಯ ಅಳುವನ್ನೂ ಕೇಳಿಸಿಕೊಂಡ ಕಿವಿ ಬೇಕು.

ಡ್ಯಾನ್ ಬಾರ್-ಆನ್ ಅನ್ನುವ ಇಸ್ರೇಲಿ ಮನಶ್ಶಾಸ್ತ್ರಜ್ಞ, ಸಾಮಿ ಅದ್ವಾನ್ ಅನ್ನುವ ಪ್ಯಾಲೆಸ್ಟೀನಿ ಮೇಷ್ಟ್ರು ಸೇರಿ ಒಂದು ಚರಿತ್ರೆ ಪುಸ್ತಕ ಮಾಡಿಸಿದರು. ಪುಟದ ಒಂದು ಬದಿಗೆ ಇಸ್ರೇಲಿನವರ ಕಥೆ, ಇನ್ನೊಂದು ಬದಿಗೆ ಪ್ಯಾಲೆಸ್ಟೀನಿನವರ ಕಥೆ, ನಡುವೆ ಖಾಲಿ ಗೆರೆಗಳು. ಅಲ್ಲಿ ಓದುವ ಮಗು ತನ್ನ ಮಾತು ಬರೆಯಬೇಕು. ನಮ್ಮ ಹೋಬಳಿಯ ಶಾಲೆಗೆ ಅಂಥದೊಂದು ಪುಸ್ತಕ ಬಂದರೆ ಹೇಗಿರುತ್ತದೆ ಅಂತ ಯೋಚಿಸಿ. ಒಂದು ಬದಿಗೆ ಊರು, ಇನ್ನೊಂದು ಬದಿಗೆ ಕೇರಿ. ಸದ್ಯಕ್ಕೆ ನಮ್ಮಲ್ಲಿರುವ ಪುಟದಲ್ಲಿ ಊರಿನ ಕಥೆ ಅಂಚಿನಿಂದ ಅಂಚಿಗೆ ತುಂಬಿಕೊಂಡಿದೆ. ಕೇರಿಯ ಮಗು ಎಲ್ಲಿ ಬರೆಯಬೇಕು, ರಟ್ಟಿನ ಮೇಲಾ?

ದಾರಿ ತೆರೆದ ಉದಾಹರಣೆ ನಮ್ಮಲ್ಲೂ ಒಂದಿದೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾದ ಮೇಲೆ ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ದಾರಿ ಮುಚ್ಚಿಹೋಯಿತು. ಕೊಂದವರಿಗೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಪಾದಯಾತ್ರೆಯಲ್ಲಿ ಬಂದಾಗ ಎರಡೂ ಕಡೆಯವರು ಸೇರಿ ಆ ದಾರಿ ತೆರೆದರು, ಒಟ್ಟಿಗೆ ಕೂತು ಉಂಡರು. ನನಗೆ ಖುಷಿಯಾಯಿತು, ಸಿಟ್ಟೂ ಬಂತು. ಒಂದು ಊರಿನ ನಾಲ್ಕು ಹೆಜ್ಜೆ ದಾರಿಗೆ ಇಪ್ಪತ್ತೊಂಬತ್ತು ವರ್ಷ! ಅದಕ್ಕೂ ದಿಲ್ಲಿಯವರೊಬ್ಬರು ನಡೆದು ಬರಬೇಕಾಯಿತು. ಆದರೂ ಕ್ರಮ ಗಮನಿಸಿ: ಕೊಂದದ್ದು ಕೊಲೆ ಅಂತ ಮೊದಲು ಕೋರ್ಟು ಬರೆಯಿತು, ಊಟ ಆಮೇಲೆ ನಡೆಯಿತು. ಕಂಬಾಲಪಲ್ಲಿಗೆ ಹೋಗಿ ಎಲೆ ಹಾಕುವವರು ಈ ಕ್ರಮ ಮರೆಯಬಾರದು.

ಒಟ್ಟಿಗೆ ಇರಲು ನಮ್ಮವರಿಗೆ ಬರುವುದಿಲ್ಲ ಅನ್ನಬೇಡಿ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯ ಬಿರಿಯಾನಿ ಸಾಲಿಗೆ ಬನ್ನಿ. ಗೌಡರ ಹುಡುಗ, ಕೇರಿ ಹುಡುಗ, ಸಾಬರ ಹುಡುಗ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗ, ಎಲ್ಲ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತಿರುತ್ತಾರೆ. ಒಂದೇ ಹಂಡೆ, ಒಂದೇ ಸೌಟು. ಅದೇ ಹುಡುಗರು ಏಳು ಗಂಟೆಗೆ ಬೈಕಿನಲ್ಲಿ ಊರಿಗೆ ವಾಪಸಾದಾಗ ಒಬ್ಬನು ಊರಿನೊಳಕ್ಕೆ, ಇನ್ನೊಬ್ಬನು ಕೇರಿಯ ಕಡೆಗೆ ತಿರುಗುತ್ತಾನೆ. ಸಾಲಿನಲ್ಲಿ ನಿಂತಾಗ ಇಲ್ಲದ ಮೈಲಿಗೆ ಊರಬಾಗಿಲಿಗೆ ಬಂದಾಗ ಎಲ್ಲಿಂದ ಅಂಟಿಕೊಳ್ಳುತ್ತದೆ?

ಟೀ ಅಂಗಡಿಯ ಆ ಹುಡುಗನಿಗೆ ಅವತ್ತು ಉತ್ತರ ಕೊಡಲಿಲ್ಲ, ಗಂಟಲು ಕಟ್ಟಿತ್ತು. ಈಗ ಕೊಡುತ್ತೇನೆ. ಕೂತು ಮಾತಾಡಬಹುದು ಕಣಪ್ಪ, ಅಲ್ಲೂ, ಇಲ್ಲೂ. ಮಗಳನ್ನು ಮಣ್ಣು ಮಾಡಿದ ಅಪ್ಪಂದಿರೇ ಕೂತಿದ್ದಾರೆ. ಆದರೆ ಮಾತು ಶುರುವಾಗುವ ಮೊದಲು ಹೊಡೆತ ನಿಲ್ಲಬೇಕು. ಯಾರು ಹೊಡೆದರು, ಯಾರಿಗೆ ಹೊಡೆದರು ಅನ್ನುವುದು ಹೆಸರು ಹಿಡಿದು ಕಾಗದಕ್ಕೆ ಬರಬೇಕು. ಕೇಸು ಅದರ ಪಾಡಿಗೆ ನಡೆಯಬೇಕು. ಮರೆಯಬೇಕೋ ಕ್ಷಮಿಸಬೇಕೋ ಅನ್ನುವುದನ್ನು ಪೆಟ್ಟು ತಿಂದವನು ಹೇಳಬೇಕು, ಕುರ್ಚಿಯ ಮೇಲೆ ಕೂತವನು ಹೇಳಬಾರದು.

ಶಾಂತಿ ಸಭೆ ಕರೆಯುವ ದೊಡ್ಡವರಿಗೂ ಒಂದು ಮಾತು. ಮುಂದಿನ ಸಲ ಕರೆಯಿರಿ, ಖಂಡಿತ ಬರುತ್ತೇವೆ. ಆದರೆ ಅರಳಿಕಟ್ಟೆ ಬೇಡ. ಸಭೆ ನಮ್ಮ ಕೇರಿಯಲ್ಲಿ ನಡೆಯಲಿ. ಜಮಖಾನ ನಾವೇ ಹಾಸುತ್ತೇವೆ, ಎಲ್ಲರೂ ಅದರ ಮೇಲೇ ಕೂರೋಣ. ಟೀ ನಮ್ಮ ಮನೆಯ ಒಲೆಯಲ್ಲಿ ಕಾಯುತ್ತದೆ, ನಮ್ಮ ಮನೆಯ ಲೋಟದಲ್ಲಿ ಬರುತ್ತದೆ. ಮೊದಲು ಅದನ್ನು ಕುಡಿಯಿರಿ. ಆಮೇಲೆ ಮಾತಾಡೋಣ.